ಇಫ್ತಾರಿನ ಸೈರನ್

ಬಸವಕಲ್ಯಾಣದಲ್ಲಿ ನನ್ನ ಪಕ್ಕದ ಮನೆಯವಳು ಫೋನನ್ನು ಸ್ಪೀಕರಿಗೆ ಹಾಕಿ, ನಮ್ಮ ನಡುವಿನ ಕಾಂಪೌಂಡ್ ಗೋಡೆಯ ಮೇಲಿಟ್ಟು, ಬಟ್ಟೆ ಹಿಂಡುತ್ತಾ ಗಂಡನೊಡನೆ ಮಾತಾಡುತ್ತಿದ್ದಳು. ಅವನು ಗಲ್ಫಿನ ಬಂದರಿನಲ್ಲಿ ಲಾರಿ ಡ್ರೈವರ್. ನನ್ನ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಅವರ ಮಾತೇ ನನಗೆ ಕಂಪನಿ. ಅಲ್ಲಿ ಮಿಸೈಲ್ ಬೀಳತೊಡಗಿದ ಮೇಲೆ ನಾನು ವಿಚಾರಿಸಿದಾಗಲೆಲ್ಲ ದುಪಟ್ಟಾ ಎಳೆದುಕೊಂಡು, "ಸಬ್ ಖೈರಿಯತ್ ಐತ್ರಿ ಆಂಟಿ," ಎಲ್ಲ ಕ್ಷೇಮ ಎನ್ನುವಳು, ಕಾನ್ವೆಂಟ್ ಮಕ್ಕಳ ಬಾಯಿಪಾಠದ ಹಾಗೆ.

ರಂಜಾನಿನ ಒಂದು ಸಂಜೆ ಫೋನಿನೊಳಗೆ ಸೈರನ್ ಕೂಗಿತು. ಮೈ ಗಾಡ್, ಎಂದುಕೊಂಡೆ.

"ಕುಚ್ ನೈ, ಇಫ್ತಾರ್ ಕಾ ಸೈರನ್," ಎಂದ ಅವನು. ಉಪವಾಸ ಬಿಡುವ ಹೊತ್ತಿಗೆ ನಮ್ಮೂರ ಮಸೀದಿಯಲ್ಲೂ ಹಾಗೆಯೇ ಕೂಗುತ್ತದೆ.

ಇವಳು ನಕ್ಕಳು. "ತೋ ಬಾಹರ್ ಕಾಯ್ಕು ಖಡೇ ಜೀ? ಜಲ್ದಿ ಅಂದರ್ ಜಾವೋ, ಖಜೂರ್ ಖಾವೋ!" ಹೊರಗೇಕೆ ನಿಂತಿದ್ದೀರಿ, ಬೇಗ ಒಳಗೆ ಹೋಗಿ ಖರ್ಜೂರ ತಿನ್ನಿ ಎಂಬ ಆ ಗದರಿಕೆ ಮುಗಿಯುವಷ್ಟರಲ್ಲಿ ಫೋನ್ ಕಟ್ಟಾಯಿತು.

ಪಾಪ, ನಂಬಿಬಿಟ್ಟಳು ಎನಿಸಿತು. "ಥ್ಯಾಂಕ್ ಗಾಡ್, ಇಫ್ತಾರಂತಲ್ಲ," ಎಂದೆ.

ಅವಳು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು.

"ನಮ್ಮಲ್ಲೇ ಇನ್ನಾ ಹೊತ್ತು ಮುಳುಗಿಲ್ರಿ ಆಂಟಿ. ಅಲ್ಲಿ ನಮಗಿಂತ ತಡಾ ಮುಳುಗ್ತೈತಿ. ಸುಳ್ಳು ಹೇಳಿದ್ರು. ಒಳಗ ಹೋದ್ರೋ ಇಲ್ಲೋ."