ಎಡಕ್ಕೆ ವಾಲಿದ ಗೆರೆಯ ಕೋನ

ನಮ್ಮ ಅಜ್ಜಿ ಮಡಿಯ ಹೆಂಗಸು. ಒಣಹಾಕಿದ ಸೀರೆಗೆ ನನ್ನ ಕೈ ತಾಕಿದರೂ ಅದನ್ನು ಮತ್ತೆ ನೀರಿಗೆ ಹಾಕುತ್ತಿದ್ದಳು. ಅಂಥ ಮನೆಯ ಪಡಸಾಲೆಯಲ್ಲೇ ಕೂತು, ನನಗೆ ಗಣಿತ ಹೇಳಿಕೊಡುವ ಮಾಸ್ತರರು ಹೆಬ್ಬೆರಳಿಗೆ ಉಗುಳು ಹಚ್ಚಿ ನನ್ನ ಪಾಟಿ ಒರೆಸುತ್ತಿದ್ದರು. ಬಾಯಲ್ಲಿ ಸದಾ ತಂಬಾಕು. ಒರೆಸಿದಲ್ಲಿ ಕಂದು ಪಟ್ಟೆ ಮೂಡಿ, ಒಣಗಿದ ಮೇಲೂ ನಾರುತ್ತಿತ್ತು. ಆ ಪಾಟಿಯನ್ನು ನಾನು ತೊಡೆಯ ಮೇಲಿಟ್ಟುಕೊಳ್ಳಬೇಕು.

ಅಜ್ಜಿಗೆ ಹೇಳಿದೆ. "ದೊಡ್ಡವರು ಅವರು. ಸುಮ್ಮನ ಕೂಡು" ಅಂದಳು.

ಅವು ಐವತ್ತರ ದಶಕದ ಮೊದಲ ವರ್ಷಗಳು. ಬೈಲಹೊಂಗಲದಲ್ಲಿ ಮ್ಯಾಟ್ರಿಕ್‌ಗೆ ಕೂಡುವ ಹುಡುಗಿಯರು ಬೆರಳೆಣಿಕೆಯಷ್ಟು. ವಕೀಲರಾಗಿದ್ದ ಅಪ್ಪ, ಸವದತ್ತಿಯಲ್ಲಿ ನಿವೃತ್ತರಾಗಿ ನಮ್ಮೂರಿಗೆ ಬಂದಿದ್ದ ಈ ಮಾಸ್ತರರನ್ನು ಗೊತ್ತು ಮಾಡಿದ್ದರು.

ಒಂದು ಸಂಜೆ, ಸರಳರೇಖೆಯು ಎಕ್ಸ್-ಅಕ್ಷದೊಂದಿಗೆ ಮಾಡುವ ಕೋನ ಕಂಡುಹಿಡಿಯುವ ಲೆಕ್ಕ ಬಂತು. ರೇಖೆ ಮೂಲಬಿಂದುವಿನಿಂದ ಎಡಕ್ಕೆ ಮೇಲೇರಿತ್ತು. ಮಾಸ್ತರರು ಕೋನಮಾಪಕವನ್ನು ಎಡಗಡೆಯಿಂದ ಇಟ್ಟು, "ನಲವತ್ತೈದು. ಬರಕೋ" ಅಂದರು.

ಅಕ್ಷದ ಬಲಗಡೆಯಿಂದ ಅಳೆಯಬೇಕೆಂದು ಪುಸ್ತಕದಲ್ಲಿ ಓದಿದ್ದೆ. ಈ ರೇಖೆಯ ಇಳಿಜಾರು ಋಣ ಒಂದು. ಅದಕ್ಕೆ ಹೊಂದುವ ಕೋನ ನೂರಾ ಮೂವತ್ತೈದು. ಹಾಗೆಯೇ ಬರೆದೆ.

"ಏನಿದು?"

"ಬಲಗಡೆಯಿಂದ ಅಳೀಬೇಕಲ್ರಿ. ನಲವತ್ತೈದು ಆಗಿದ್ರ ಇಳಿಜಾರು ಧನ ಬರ್ತದ."

"ನನಗ ಕಲಸಲಿಕ್ಕೆ ಹತ್ತೀ ಏನು?" ಹೆಬ್ಬೆರಳು ಬಾಯಿಗೆ ಹೋಯಿತು. ನನ್ನ ಉತ್ತರ ಒರೆಸಿ, ಆ ಒದ್ದೆಯ ಮೇಲೆಯೇ ನಲವತ್ತೈದು ಎಂದು ಬರೆದರು. "ಹೆಣ್ಣುಹುಡುಗಿಗೆ ಇಷ್ಟ ಸಾಕು."

ಪಾಟಿಯನ್ನು ಎರಡೇ ಬೆರಳಲ್ಲಿ ಹಿಡಿದು ಹಿತ್ತಲಿಗೆ ಹೋದೆ. ಬೂದಿ ಹಾಕಿ ತಿಕ್ಕಿ ತೊಳೆದೆ. ಬಂದು, ಅವರೆದುರಿಗೇ ಮತ್ತೆ ನೂರಾ ಮೂವತ್ತೈದು ಎಂದು ಬರೆದೆ.

ಮಾಸ್ತರರು ಟೊಪ್ಪಿಗೆ ಹಾಕಿಕೊಂಡು ಎದ್ದರು. ಕಕ್ಷಿದಾರರ ಜೊತೆ ಕೂತಿದ್ದ ಅಪ್ಪನಿಗೆ, "ನಿಮ್ಮ ಮಗಳಿಗೆ ಭಾಳ ಸೊಕ್ಕದ ನೋಡ್ರಿ" ಅಂದರು.

ನಾನು ಉತ್ತರ ತೋರಿಸಹೋದೆ. ಅಪ್ಪ ಪಾಟಿಯತ್ತ ಕಣ್ಣು ಹಾಯಿಸಲೇ ಇಲ್ಲ. "ಖರೇ ಯಾವುದು, ಸುಳ್ಳು ಯಾವುದು ಆಮ್ಯಾಲೆ. ಮೊದಲ ಅವರ ಕಾಲಿಗೆ ಬೀಳು."

"ಬೀಳೂದಿಲ್ಲ" ಅಂದೆ.

ಪಾಠ ಅಂದಿಗೆ ನಿಂತಿತು. ಅಪ್ಪ ಅವರಿಗೆ ಧೋತರ, ತೆಂಗಿನಕಾಯಿ ಕೊಟ್ಟು ಕಳಿಸಿದರು. ತಟ್ಟೆ ತಂದಿಟ್ಟವಳು ಅಜ್ಜಿಯೇ. ಕಕ್ಷಿದಾರರೂ ಎದ್ದು ಕೈಮುಗಿದರು. ಸರಿ ಉತ್ತರ ಯಾವುದೆಂದು ಯಾರೂ ಕೇಳಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಆಗ ತಂಬಾಕಿನ ಮಾಸ್ತರರಿಗಿಂತ ನಮ್ಮ ಮನೆಯವರ ಮೇಲೆಯೇ ಹೆಚ್ಚು ಹೇಸಿಗೆಯಾಯಿತು.

ಉಳಿದ ಪಾಠಗಳನ್ನು ಒಬ್ಬಳೇ ಓದಿಕೊಂಡೆ. ಗಣಿತದಲ್ಲಿ ಒಳ್ಳೆಯ ಅಂಕಗಳೇ ಬಂದವು. ಅಪ್ಪ ಓಣಿಗೆಲ್ಲ ಪೇಢೆ ಹಂಚುತ್ತ, "ಎಲ್ಲಾ ಮಾಸ್ತರರ ಕೃಪಾ" ಅಂದರು. ನನ್ನ ಪಾಲಿನ ಪೇಢೆಯನ್ನು ನಾನು ಮುಟ್ಟಲಿಲ್ಲ.