ಶುಕ್ರವಾರದ ಸೀತನಿ

ಮೊಮ್ಮಗಳು ಸಂಕ್ರಾಂತಿ ರಜೆಗೆ ಬರುತ್ತಾಳೆ ಎಂದು ಮಗಳು ಫೋನು ಮಾಡಿದಾಗ ನಾನು ಹೊಲದಲ್ಲಿದ್ದೆ. ಸಂತೋಷಕ್ಕೆ ಬದುವಿನ ಮೇಲೆ ಕುಳಿತೇಬಿಟ್ಟೆ. ಕುಳಿತ ಮೇಲೆ ಅನುಮಾನ ಶುರುವಾಯಿತು. ನನ್ನದು ಹಾಗೆಯೇ. ಖುಷಿ ಹೆಚ್ಚಾದಷ್ಟೂ ಇದನ್ನು ಯಾರು ಕಸಿದುಕೊಳ್ಳಲು ಬರುತ್ತಿದ್ದಾರೆ ಎಂದು ಸುತ್ತ ನೋಡುತ್ತೇನೆ.

"ರಜಾ ಎಷ್ಟ ದಿನ?" ಎಂದೆ.

"ನಾಕ ದಿನ ಯಪ್ಪಾ. ಗುರುವಾರ ಹಬ್ಬ, ಶುಕ್ರವಾರ ಇವ್ರು ರಜಾ ಹಾಕ್ಯಾರ. ಆಮ್ಯಾಲ ಶನಿವಾರ, ಐತವಾರ."

"ನಮ್ಮ ಪಾಲಿಗೆ?"

ಮಗಳು ಒಂದೊಂದೇ ದಿನ ಎಣಿಸಿ ಹೇಳಿದಳು.

"ಗುರುವಾರ, ಶುಕ್ರವಾರ ಸಿಂಧನೂರಾಗ ಅತ್ತಿ ಮಾವನ ಕೂಡ. ಶನಿವಾರ ಮುಂಜಾನೆ ನಿಮ್ಮ ಕಡೆ ಬಂದು, ಉಂಡು, ಸಂಜಿಗೆ ಲಿಂಗಸುಗೂರಿಗೆ ನಾದಿನಿ ಮನಿಗೆ ಹೋಗತೀವಿ. ಐತವಾರ ಅಲ್ಲಿಂದನ ಹುಬ್ಬಳ್ಳಿ ಬಸ್ಸು."

ನೋಡಿ, ಎರಡು ಪೇಟೆಗಳು ರಾತ್ರಿಗಳನ್ನೆಲ್ಲ ಹಂಚಿಕೊಂಡಿದ್ದವು. ನಮ್ಮೂರು ಪಾಮನಕಲ್ಲೂರಿಗೆ ಒಂದು ಊಟ. ಬಸ್‌ಸ್ಟ್ಯಾಂಡಿನ ಖಾನಾವಳಿಯವನಿಗೆ ಸಿಗುವುದೂ ಅಷ್ಟೇ.

ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಈ ಲೆಕ್ಕದ ಹಿಂದೆ ಯಾರ ತಲೆ ಓಡಿದೆ ಎಂದು ತಿಳಿಯಲು ಅಷ್ಟು ಓದು ಸಾಕು. ನಮ್ಮ ಬೀಗರು ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಸಿಂಧನೂರಿನಲ್ಲಿ ಮಹಡಿಯ ಮನೆ. ರಜೆ ಹೇಗೆ ಹಾಕಬೇಕು, ಹೇಗೆ ಕೂಡಿಸಬೇಕು, ಯಾವುದಕ್ಕೆ ಯಾವುದನ್ನು ಜೋಡಿಸಬೇಕು ಎಂಬುದು ಅವರಿಗೆ ನೀರು ಕುಡಿದಷ್ಟು ಸಲೀಸು.

ನನ್ನ ಸಂಕಟ ಏನೆಂದರೆ ಸೀತನಿ. ಜೋಳದ ತೆನೆಯಲ್ಲಿ ಕಾಳು ಇನ್ನೂ ಹಾಲು ತುಂಬಿಕೊಂಡಿರುವಾಗಲೇ ಮುರಿದು, ಹೊಲದಲ್ಲಿಯೇ ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಗೋಣಿಚೀಲದ ಮೇಲೆ ತಿಕ್ಕಿ, ಹೊಟ್ಟು ಊದಿ ಬಿಸಿಬಿಸಿ ತಿನ್ನಬೇಕು. ಕಟ್ಟಿಕೊಂಡು ಪೇಟೆಗೆ ಒಯ್ದರೆ ತೊಗಲಿನಂತಾಗುತ್ತದೆ. ಆ ಹದ ಉಳಿಯುವುದು ಕೆಲವೇ ದಿನ, ಆಮೇಲೆ ಕಾಳು ಬಲಿತು ರೊಟ್ಟಿಗಷ್ಟೇ ಆಗುತ್ತದೆ. ಮೊಮ್ಮಗಳಿಗೆ ಈಗ ಆರು ವರ್ಷ, ಸೀತನಿ ಕಂಡವಳೇ ಅಲ್ಲ. ಅದಕ್ಕೆಂದೇ ಬೇವಿನ ಮರದ ಹತ್ತಿರ ಒಂದಷ್ಟು ಸಾಲುಗಳನ್ನು ಬೇಕಂತಲೇ ತಡಮಾಡಿ ಬಿತ್ತಿದ್ದೆ. ಮುದುಕನಿಗೆ ಬಿತ್ತಿಗೆಯ ಹೊತ್ತೂ ಮರೆತುಹೋಗಿದೆ ಎಂದು ಅಕ್ಕಪಕ್ಕದವರು ನಕ್ಕರು, ನಗಲಿ. ಅವಳು ಕೈಬಾಯಿ ಕಪ್ಪು ಮಾಡಿಕೊಂಡು ಸೀತನಿ ತಿನ್ನಬೇಕು, ಮರುದಿನ ಬೆಳಿಗ್ಗೆ ನನ್ನ ಮನೆಯಲ್ಲಿ ಕಣ್ಣು ಬಿಡಬೇಕು. ನನಗೆ ಬೇಕಾದದ್ದು ಅಷ್ಟೇ. ತೆನೆ ಹಿಚುಕಿ ನೋಡಿದರೆ ಶುಕ್ರವಾರಕ್ಕೆ ಸರಿಯಾದ ಹದ. ಶನಿವಾರದ ಬಗ್ಗೆ ಭರವಸೆ ಇರಲಿಲ್ಲ.

ಅಷ್ಟರಲ್ಲಿ ಬೀಗರ ಫೋನು ಬಂತು.

"ಬೀಗರ, ಜ್ವಾಳ ಹೆಂಗದಾವ್ರೀ? ಕಾಳ ಗಟ್ಟಿ ಆಗ್ಯಾವೇನು?"

ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿ ಫೋನು ಇಟ್ಟೆ. ಬೀಗರ ಮೂಲ ಊರು ಜವಳಗೇರಾ, ಕಾಲುವೆ ನೀರಿನ ಭತ್ತದ ಸೀಮೆ. ಅಂಥವರಿಗೆ ನನ್ನ ಒಣ ಹೊಲದ ಜೋಳದ ಚಿಂತೆ ಯಾಕೆ?

"ನಮ್ಮ ಹೊಲದ ಮ್ಯಾಲ ಕಣ್ಣ ಬಿದ್ದೈತಿ," ಎಂದು ಹೆಂಡತಿಗೆ ಹೇಳಿದೆ.

"ನಿಮ್ಮ ಹೊಲದಾಗ ಏನೈತ್ರೀ? ಕಲ್ಲು ಎಣಿಸಿಕೊಂಡ ಹೋಗತಾರೇನು?" ಎಂದಳು.

ನಮ್ಮಲ್ಲಿ ಮಗಳನ್ನು ತವರಿಗೆ ಕರೆಯಲು ತವರಿನವರೇ ಹೋಗಬೇಕು. ಕರೆಯಲು ಬಂದವರನ್ನು ಬರಿಗೈಯಲ್ಲಿ ಕಳಿಸಲು ಯಾರಿಗೂ ಮನಸ್ಸು ಬಾರದು. ಹಾಗಾಗಿ ಗುರುವಾರ ಬೆಳಿಗ್ಗೆಯೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೊರಟೆ. ಮಸ್ಕಿಯಲ್ಲಿ ಬಸ್ಸು ಬದಲಿಸಿ ಸಿಂಧನೂರು ಸೇರಿದೆ. ಮೊಮ್ಮಗಳು ಮೆಟ್ಟಿಲು ಇಳಿದು ಓಡಿಬಂದು "ಮುತ್ಯಾ!" ಎಂದು ಕಾಲಿಗೆ ತೆಕ್ಕೆ ಬಿದ್ದಾಗ ರೊಟ್ಟಿಗಂಟು ಎಲ್ಲಿಟ್ಟೆನೋ ನೆನಪಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು:

"ತಾತ ನಂಗ ನಿನ್ನೆ ರಾತ್ರಿ ಬಸ್ ಇಳದ ಕೂಡ್ಲೆ ಐಸ್‌ಕ್ರೀಮ್ ಕೊಡಿಸ್ಯಾನ. ಇವತ್ತ ಪಾರ್ಕಿಗೆ ಹೋಗಿ ಬಂದ್ವಿ."

ತಾತ ಎಂದರೆ ಬೀಗರು. ಥಂಡಿಯಲ್ಲಿ ಐಸ್‌ಕ್ರೀಮ್! ಇದು ಪ್ರೀತಿಯೋ ಲಂಚವೋ ಎಂದು ಲೆಕ್ಕ ಹಾಕುತ್ತ ಊಟಕ್ಕೆ ಕುಳಿತೆ. ಬೀಗತಿ ಹೋಳಿಗೆಯ ಮೇಲೆ ತುಪ್ಪ ಸುರಿದೇ ಸುರಿದರು. ಇಷ್ಟು ತುಪ್ಪ ತಿಂದ ಮನುಷ್ಯ ಒರಗುತ್ತಾನೆ, ಒರಗಿದವನ ಬಸ್ಸು ಹೋಗುತ್ತದೆ. ನಾನು ತಿಂದೆ, ಆದರೆ ಒರಗಲಿಲ್ಲ.

"ಮಗಳ್ನ ಕರಕೊಂಡ ಹೋಗಾಕ ಬಂದೀನ್ರೀ," ಎಂದೆ.

"ಹಬ್ಬದ ದಿನ ದೀಪ ಹಚ್ಚೋ ಹೊತ್ತಿಗೆ ಸೊಸಿ ಮನ್ಯಾಗ ಬೇಕಲ್ರೀ," ಎಂದರು ಬೀಗರು.

"ಹಂಗಾರ ನಾಳೆ ಮುಂಜಾನೆ?"

"ನಾಳೆ ಶುಕ್ರವಾರ! ಶುಕ್ರವಾರ ಮನಿ ಹೆಣ್ಣುಮಗಳ್ನ ಕಳಸಬಾರದು ಅಂತ ನೀವ ಹೇಳಿದ್ರಲ್ಲ. ಮದಿವಿ ಆದಮ್ಯಾಲ ನಾವು ಮೊದಲನೇ ಸಲ ಕರೆಯಾಕ ಬಂದಾಗ."

ಹೇಳಿದ್ದೆ. ಮಗಳು ಇನ್ನೊಂದು ದಿನ ಉಳಿಯಲಿ ಎಂದು ಹೇಳಿದ್ದೆ. ಆ ಮಾತನ್ನು ಇಷ್ಟು ವರ್ಷ ಹಾಳಾಗದಂತೆ ಇಟ್ಟುಕೊಂಡು ಇವತ್ತು ನನ್ನ ಎಲೆಗೇ ಬಡಿಸಿದರಲ್ಲ! ಅಳಿಯ ಮೊಬೈಲಿನೊಳಗೆ ಮುಖ ಇಟ್ಟು ಕುಳಿತಿದ್ದ. ನನಗೆ ಬೇರೆ ದಾರಿ ಇರಲಿಲ್ಲ, ಅಲ್ಲೇ ಉಳಿದೆ. ಸಂಜೆ ಅಡುಗೆಮನೆಯಲ್ಲಿ ಬೀಗರು, ಬೀಗತಿ, ನನ್ನ ಮಗಳು ಮೂವರೂ ಪಿಸುಪಿಸು ಮಾತಾಡಿ ನಗುತ್ತಿದ್ದರು. ನೀರು ಕೇಳಲು ಹೋದೆ, ಮೂವರೂ ಗಪ್‌ಚಿಪ್. ಹೆತ್ತ ಮಗಳೂ ಆ ಪಾರ್ಟಿಗೆ ಸೇರಿದ್ದಳು.

ಬೆಳಿಗ್ಗೆ ನೋಡಿದರೆ ಬೀಗರು ಸ್ನಾನ ಮುಗಿಸಿ, ಹೆಗಲಿಗೆ ದೊಡ್ಡ ಚೀಲ ಹಾಕಿ, ಕೈಯಲ್ಲಿ ಬೀಗದಕಾಯಿ ಹಿಡಿದು ನಿಂತಿದ್ದಾರೆ.

"ನಡೀರಿ ಬೀಗರ, ನಿಮ್ಮೂರಿಗೆ."

"ಇವತ್ತ ಶುಕ್ರವಾರಲ್ರೀ!"

"ಕಳಸಬಾರದು ಅಂತ ಐತಿ. ನಾವೆಲ್ಲಿ ಕಳಸಾಕತ್ತೀವಿ? ಮನಿ ಮಂದೆಲ್ಲ ಕೂಡೇ ಹೊಂಟಮ್ಯಾಲ ಕಳಸೋರು ಯಾರದಾರ?"

ಸಂತೋಷಕ್ಕೆ ನನಗೆ ಚಪ್ಪಲಿ ಎಡಬಲ ತಿಳಿಯಲಿಲ್ಲ. ಆದರೆ ಮಸ್ಕಿಯಲ್ಲಿ ಬಸ್ಸಿಗೆ ನಿಂತಾಗ ಬೀಗರು ಕಂಡಕ್ಟರನನ್ನು ಕೇಳಿದರು, "ಸಂಜಿಗೆ ವಾಪಸ್ ಬರಾಕ ಕಡೀ ಬಸ್ ಎಷ್ಟಕ್ಕೈತಿ?" ಆಗ ಎಲ್ಲ ತಿಳಿಯಿತು. ಜೊತೆಗೆ ಬರುವುದು, ಜೊತೆಗೇ ಎಬ್ಬಿಸಿಕೊಂಡು ಹೋಗುವುದು. ಶನಿವಾರದ ಊಟವನ್ನೇ ಶುಕ್ರವಾರಕ್ಕೆ ತಂದು, ನನ್ನನ್ನು ಅಲ್ಲಿಗೆ ಮುಗಿಸುವುದು.

ಬಸ್ಸಿಳಿದು ನೇರ ಹೊಲಕ್ಕೆ ಹೋದೆವು. ಬೇವಿನ ಮರದ ಕೆಳಗೆ ನಾನು ಬೆಂಕಿ ಹಾಕಿದೆ. ಹೆಂಡತಿ ಹಿಂಡಿ, ಬೆಲ್ಲ, ಮೊಸರು ತಂದಳು. ಮೊಮ್ಮಗಳು ಹೊಟ್ಟು ಊದಲು ಹೋಗಿ ಎಲ್ಲವನ್ನೂ ಬೀಗರ ಮೀಸೆಗೆ ಊದಿದಳು. ಬೀಗರು ಊದಲು ಹೋದರೆ, "ನೀ ಬ್ಯಾಡ ತಾತಾ, ನೀ ಕಾಳೂ ಊದತಿ, ಮುತ್ಯಾ ಊದ್ಲಿ," ಎಂದಳು. ಆ ಮಾತು ಕೇಳಿ ನನ್ನ ಉಸಿರು ಎಷ್ಟು ಜೋರಾಯಿತೆಂದರೆ ಅರ್ಧ ಸೀತನಿ ನೆಲಕ್ಕೆ ಹೋಯಿತು.

ಬೀಗರು ಮಾತಿಲ್ಲದೆ ತಿಂದರು. ಬೊಗಸೆ ಬೊಗಸೆ ತಿಂದರು. ಆಮೇಲೆ ಬಾಯಿ ಒರೆಸಿಕೊಂಡು ಹೇಳಿದರು:

"ಸಣ್ಣಾವಿದ್ದಾಗ ನಮ್ಮಪ್ಪನೂ ಜ್ವಾಳ ಬಿತ್ತತಿದ್ದ. ನಮ್ಮ ಹೊಲಕ್ಕ ಕಾಲುವಿ ಬಂದಮ್ಯಾಲ ಎಲ್ಲಾ ನೆಲ್ಲು. ನೆಲ್ಲಿನ್ಯಾಗ ಸೀತನಿ ಎಲ್ಲಿಂದ ಬರಬೇಕ್ರೀ? ಅದಕ್ಕ ಕಾಳ ಗಟ್ಟಿ ಆಗ್ಯಾವೇನು ಅಂತ ಫೋನ್ ಮಾಡಿದ್ದು. ನೀವು ನೋಡಿದ್ರ ಪೊಲೀಸರಿಗೆ ಹೇಳಿದಂಗ ಹೇಳಿದ್ರಿ."

ಅರ್ಧ ನಂಬಿದೆ. ಇನ್ನರ್ಧವನ್ನು ಸಂಜೆಯ ಬಸ್ಸಿಗೆ ಉಳಿಸಿಕೊಂಡೆ. ಸರಿಯಾಗಿ ಹೊತ್ತು ಇಳಿಯುವಾಗ ಅವರು ಧೋತರ ಜಾಡಿಸುತ್ತ ಎದ್ದರು.

"ಬಸ್ಸಿನ ಹೊತ್ತಾತು."

ನಾನೂ ಎದ್ದೆ. "ಎಲ್ಲಿ ಹೊಂಟೀರಿ? ಶುಕ್ರವಾರ ನಿಮ್ಮೂರಾಗಷ್ಟ ಐತೇನು? ನಮ್ಮ ಮನಿಯಿಂದ ಇವತ್ತ ಹೆಣ್ಣುಮಗಳ್ನ ಕಳಸಂಗಿಲ್ಲ. ಮೊಮ್ಮಗಳೂ ಹೆಣ್ಣುಮಗಳ!"

ಬೀಗತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ನಾ ಹೇಳಿದ್ನೋ ಇಲ್ಲೋ, ಬೀಗರು ಬಸ್ಸಿನ ಹೊತ್ತಿಗೆ ಇದನ್ನ ತೆಗೀತಾರ ಅಂತ!" ಎಂದು ಚೀಲ ಬಿಚ್ಚಿದರು. ಎಲ್ಲರ ಬಟ್ಟೆ, ಹೊದಿಕೆ, ಮೊಮ್ಮಗಳ ಹಲ್ಲುಜ್ಜುವ ಬ್ರಶ್ಶು. ಉಳಿಯಲೆಂದೇ ಬಂದಿದ್ದರು.

"ಮತ್ತ ಕಡೀ ಬಸ್ ಯಾಕ ಕೇಳಿದ್ರಿ?"

"ನಿಮ್ಮ ಮಾರಿ ನೋಡಬೇಕಂತ," ಎಂದರು ಬೀಗರು. ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಶನಿವಾರ ಬೆಳಿಗ್ಗೆ ನಾನು ಬಾಗಿಲಲ್ಲಿ ಕುಳಿತಿದ್ದೆ. ಮೊಮ್ಮಗಳು ಕಣ್ಣು ಬಿಟ್ಟು, ಮೊದಲು ಜಂತಿ ನೋಡಿ, ಆಮೇಲೆ ನನ್ನನ್ನು ನೋಡಿ, "ಮುತ್ಯಾ, ಹೊಲಕ್ಕ ಹೋಗೂಣ?" ಎಂದಳು. ಮುಖದ ಮೇಲೆ ನಿನ್ನೆಯ ಮಸಿ ಹಾಗೆಯೇ ಇತ್ತು. ಚಹಾ ಕುಡಿಯದೆ ಹೊರಟೆವು.

ಬೀಗರು ನಮಗಿಂತ ಮೊದಲೇ ಅಲ್ಲಿದ್ದರು. ಹಿಂದೆ ಮುಂದೆ ನೋಡುತ್ತ ತೆನೆ ಹಿಚುಕುತ್ತಿದ್ದರು.

"ಲಿಂಗಸುಗೂರಿಗೆ ಕಟಗೊಂಡ ಹೋಗಾಕ ಬರಂಗಿಲ್ರೀ. ಅಲ್ಲಿ ಹೋಗೂದರಾಗ ತೊಗಲಾಗತೈತಿ," ಎಂದೆ.

"ಒಯ್ಯೋದ್ಯಾಕ? ನಮ್ಮ ಮಗಳಿಗೆ ಫೋನ್ ಮಾಡೀನಿ, ಆಕೀನ ಗಂಡ ಮಕ್ಕಳ್ನ ಕರಕೊಂಡ ಇಲ್ಲಿಗೆ ಬರಾಕತ್ಯಾಳ. ಐತವಾರ ಎಲ್ಲಾರೂ ಇಲ್ಲಿಂದನ ಹೋದ್ರಾತು."

ಇನ್ನೂ ಒಂದು ರಾತ್ರಿ! ಒಂದು ಊಟಕ್ಕೆ ಕುಳಿತವನಿಗೆ ರಜೆಯ ಅರ್ಧ ಬಂದಿತ್ತು. ನನಗೆ ಬೀಗರನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಆಗಲೇ ಸಾಲುಗಳ ಕಡೆ ಕಣ್ಣು ಹೋಯಿತು. ಹದವಾದ ತೆನೆ ಉಳಿದದ್ದು ಬಹಳ ಕಡಿಮೆ, ಬರುವ ಬಾಯಿಗಳು ಬಹಳ, ಮತ್ತು ಎದುರಿಗೆ ನಿಂತವರ ಬೊಗಸೆ ಎಷ್ಟು ದೊಡ್ಡದು ಎಂದು ನಿನ್ನೆಯೇ ನೋಡಿದ್ದೆ.

"ನೀವು ಆ ಕಡೆ ಸಾಲು ನೋಡ್ರಿ," ಎಂದು ಬೀಗರಿಗೆ ಹೇಳಿ, ಅವರು ಅತ್ತ ತಿರುಗಿದೊಡನೆ ಮೊಮ್ಮಗಳ ಪಾಲಿನ ತೆನೆಗಳನ್ನು ಮುರಿದು ನನ್ನ ಟವೆಲ್ಲಿನಲ್ಲಿ ಕಟ್ಟಿಕೊಂಡೆ.