ಸದಾಶಿವಪ್ಪನವರ ಸ್ಪೀಕರ್ ಹುಡುಕಾಟ

ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಸದಾಶಿವಪ್ಪನವರಿಗೆ ಎಷ್ಟೋ ವರ್ಷಗಳ ನಂತರ ಮತ್ತೆ ಸ್ಟೀರಿಯೊ ಹುಚ್ಚು ಹಿಡಿದಿದೆ. ಹಿಂದೊಮ್ಮೆ ಮಗಳು ಅಂಬೆಗಾಲಿಡುತ್ತ ಹೋಗಿ ಸ್ಪೀಕರಿನ ಹೊಟ್ಟೆಗೆ ಬೆರಳು ತೂರಿಸಿದ ದಿನವೇ ಆಗ ಇದ್ದ ಸ್ಟೀರಿಯೊ ಸೆಟ್ಟನ್ನು ಮಾರಿ ಕೈತೊಳೆದುಕೊಂಡಿದ್ದರು. ಈಗ ಮಗಳ ಮದುವೆಯಾಗಿದೆ. ಇವರು ಪ್ರತಿ ಭಾನುವಾರ ಹೆಂಡತಿ ಅಕ್ಕನಾಗಮ್ಮನವರನ್ನೂ, ಕಾರು ಓಡಿಸಲು ಪಕ್ಕದ ಮನೆಯ ನನ್ನನ್ನೂ ಹೊರಡಿಸಿಕೊಂಡು ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಸುತ್ತುತ್ತಾರೆ. ಸ್ಪೀಕರ್ ಅಂಗಡಿಯೊಳಗೆ ಹೋದ ಕೂಡಲೇ ಫ್ಯಾನು ಆರಿಸುತ್ತಾರೆ, ಕೆಮ್ಮಿದ ಗಿರಾಕಿಯನ್ನು ದುರುಗುಟ್ಟಿ ನೋಡುತ್ತಾರೆ. ಕಾರಿನಷ್ಟು ಬೆಲೆಯ ಸ್ಪೀಕರಿಗೂ “ಸದ್ದು ಐತ್ರೀ, ಜೀವ ಇಲ್ಲ” ಎಂದು ಎದ್ದುಬಿಡುತ್ತಾರೆ. ಸೊರಬದ ಬೀಗರ ಮನೆಗೆ ಊಟಕ್ಕೆ ಹೋದರೂ ಗೋಡೆ ತಟ್ಟಿ ನೋಡಿ, “ಈ ಹಾಲ್‌ನಾಗೆ ಹಾಡು ಚಲೋ ಕೇಳತೈತಿ, ಬರೀ ಆ ಶೋಕೇಸ್ ತೆಗೆಸ್ರೀ” ಎನ್ನುತ್ತಾರೆ. ಒಮ್ಮೆ ನಾನೇ ಬೇಸತ್ತು ಕೇಳಿದೆ: “ಅಲ್ರೀ, ಹಾಡು ಹಾಕ್ಸಿ ನೀವು ಅಕ್ಕೋರ ಮುಖಾನೇ ನೋಡ್ತಾ ಕೂರ್ತೀರಲ್ಲ?” ಅವರು ದನಿ ತಗ್ಗಿಸಿದರು. “ಅವಳಿಗೆ ಕಿವಿ ಮಂದ ಆಗೇತ್ರೀ. ಮಷೀನು ಹಾಕ್ಕೊಳ್ಳಾಕೆ ನಾಚಿಕೆ. ಮೊದಲು ಅಡಿಗಿ ಮಾಡ್ತಾ ರೇಡಿಯೊ ಜೊತಿ ಹಾಡ್ತಿದ್ಲು. ಈಗ ಹಾಡೋದೇ ಬಿಟ್ಟಾಳೆ.” ಕಳೆದ ವಾರ ದಾವಣಗೆರೆಯ ಅಂಗಡಿಯ ಮೂಲೆಯಲ್ಲಿ, ನೋಡಲು ಹಳೆಯ ಬೀರುವಿನಂತಿದ್ದ ಒಂದು ಜೋಡಿ ಸ್ಪೀಕರಿನಿಂದ ಹಾಡು ಹೊರಟಾಗ ಅಕ್ಕನಾಗಮ್ಮನವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು, ಎರಡನೇ ಸಾಲಿಗೆ ಅವರು ಮೆಲ್ಲಗೆ ದನಿಗೂಡಿಸಿದರು. ಬೆಲೆ ಹೇಳಲು ಬಾಯಿ ತೆರೆದ ಅಂಗಡಿಯವನಿಗೆ ಸದಾಶಿವಪ್ಪನವರು ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: “ಇದನ್ನೇ ಕೊಡ್ರೀ. ಆದ್ರೆ ಹಾಡು ಮುಗೀಲಿ.”